ಇದು ಫ್ಯಾನಲ್ಲ, ಗಿರಿಗಿಟ್ಲೆ

ಅಚ್ಚಿನ ಮಸಿಯ ಹಸಿ ವಾಸನೆ ಬಂದರೆ ನಾನು ಇಂದಿಗೂ ಮೂಗು ಮುಚ್ಚಿಕೊಳ್ಳುತ್ತೇನೆ. ಅಕ್ಷರ ಕಲಿಸಿ ಹೊಟ್ಟೆ ಹೊರೆದವಳ ಬಾಯಲ್ಲಿ ಈ ಮಾತು ಕೇಳಿದರೆ ನಗುವವರೇ ಹೆಚ್ಚು, ನಗಲಿ. ಈ ಸಲದ ಆಷಾಢದಲ್ಲಿ ಒಂದು ದಾಖಲೆಯ ಸಲುವಾಗಿ ಗಂಗಾವತಿಯಿಂದ ಯಲಬುರ್ಗಾಕ್ಕೆ ಹೊರಟಿದ್ದೆ. ಕುಷ್ಟಗಿಯಲ್ಲಿ ಬಸ್ಸು ಬದಲಿಸಿ ಕೂತಾಗ, ಟೋಪಿ ಹಾಕಿಕೊಂಡ ಒಬ್ಬ ಮನುಷ್ಯ ಹತ್ತಿ ಸೀಟಿಗೊಂದರಂತೆ ಕರಪತ್ರ ಹಂಚಿ ಇಳಿದುಹೋದ. ಮಸಿ ಇನ್ನೂ ಆರಿರಲಿಲ್ಲ. ಯಾವುದೋ ಸೋಲಾರ್ ಪಾರ್ಕ್ ಆಗುತ್ತದಂತೆ. ಮೇಲೆ ಸೂರ್ಯನ ಚಿತ್ರ, ಕೆಳಗೆ ದಪ್ಪ ಅಕ್ಷರದಲ್ಲಿ ‘ನಿಮ್ಮ ಭೂಮಿ ನಿಮ್ಮದೇ’. ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು ಅದನ್ನು ನನ್ನ ಕೈಗೆ ಕೊಟ್ಟು, ಏನೈತಿ ನೋಡಿ ಹೇಳಿರೆಂದು ಕೇಳಿದರು. ಕನ್ನಡಕ ಮರೆತು ಬಂದಿದ್ದೇನೆ ಎಂದೆ. ಕನ್ನಡಕ ನನ್ನ ಮೂಗಿನ ಮೇಲೇ ಇತ್ತು.

ಅವರು ಕಾಗದ ಮಡಚಿ ಜೇಬಿಗೆ ಹಾಕಿಕೊಂಡರು. ನಾನು ಕಿಟಕಿಯ ಕಡೆ ಮುಖ ತಿರುಗಿಸಿದೆ. ಕಪ್ಪು ಮಣ್ಣಿನ ಎರಿ ಹೊಲಗಳ ಮೇಲೆ, ಕಣ್ಣು ಹಾಯುವಷ್ಟು ದೂರ, ಬಿಳಿ ಗಾಳಿಕಂಬಗಳು ಆಷಾಢದ ಗಾಳಿಗೆ ರೆಕ್ಕೆ ತಿರುಗಿಸುತ್ತ ನಿಂತಿದ್ದವು. ಅವುಗಳ ಮೇಲೆ ನನಗೆ ಸಿಟ್ಟಿಲ್ಲ. ಹೊಗೆ ಇಲ್ಲದೆ, ಬೂದಿ ಇಲ್ಲದೆ ಕರೆಂಟು ಬರುವುದಾದರೆ ಬೇಡ ಅನ್ನಲು ನಾನೇನು ಹುಚ್ಚಿಯೇ? ನನ್ನ ಸಿಟ್ಟು ಬೇರೆಯವರ ಮೇಲೆ, ಅದರಲ್ಲಿ ನನ್ನ ಪಾಲೂ ಇದೆ. ಬಸ್ಸು ಯಲಬುರ್ಗಾ ಮುಟ್ಟುವ ತನಕ ನಾನು ಆ ಒಂದು ವರ್ಷದಲ್ಲೇ ಕೂತಿದ್ದೆ.

ಆಗ ಕೊಪ್ಪಳ ಬೇರೆ ಜಿಲ್ಲೆಯಾಗಿ ಹತ್ತು ವರ್ಷ ದಾಟಿತ್ತು. ನಮ್ಮೂರು ಯಲಬುರ್ಗಾದಿಂದ ಕುಷ್ಟಗಿಗೆ ಹೋಗುವ ದಾರಿಯಿಂದ ಒಳಕ್ಕೆ. ದಿನಕ್ಕೆ ಎರಡು ಬಸ್ಸು, ಅದರಲ್ಲಿ ಒಂದು ತಪ್ಪುವುದು ಖಾತ್ರಿ. ನಾನು ಅಲ್ಲಿ ವಯಸ್ಕರ ಶಿಕ್ಷಣ ಕೇಂದ್ರದ ಪ್ರೇರಕಿ. ಪ್ರೇರಕಿ ಎಂದರೆ ದೊಡ್ಡ ನೌಕರಿಯಲ್ಲ. ಮಾಸ್ತರರ ಪಗಾರ ಇರಲಿಲ್ಲ, ಅವರ ಗತ್ತು ಮಾತ್ರ ಸ್ವಲ್ಪ ಇತ್ತು. ಹೊತ್ತು ಮುಳುಗುವಾಗ ದ್ಯಾಮವ್ವನ ಗುಡಿಯ ಕಟ್ಟೆಗೆ ಹದಿನಾಲ್ಕು ಹೆಣ್ಣುಮಕ್ಕಳು ಪಾಟಿ ಹಿಡಿದು ಬರುತ್ತಿದ್ದರು. ಕಳೆ ತೆಗೆದು ಬೆರಳು ಸೆಟೆದು ಹೋಗಿರುತ್ತಿದ್ದವು. ಬಳಪ ಹಿಡಿಯುವುದೇ ಒಂದು ಸಾಹಸ. ಆದರೂ ಎರಡು ವರ್ಷದಲ್ಲಿ ಹದಿನಾಲ್ಕೂ ಮಂದಿಗೆ ಸಹಿ ಬಂತು, ಬಸ್ಸಿನ ಬೋರ್ಡು ಓದಲು ಬಂತು. ಅದಕ್ಕಿಂತ ಮುಂದೆ ಹೋದವರು ಐದಾರು ಜನ.

ಅವರಲ್ಲಿ ಯಮನವ್ವನೇ ಮುಂದೆ. ಗಂಡ ತೀರಿಕೊಂಡ ಮೇಲೆ ಎರಡೂವರೆ ಎಕರೆ ಹೊಲ ಅವಳ ಹೆಸರಿಗೆ ಬಂದಿತ್ತು. ಜೋಳ, ಕಡಲೆ ಎಲ್ಲ ತಾನೇ ನಿಂತು ಮಾಡಿಸುತ್ತಿದ್ದಳು. ಒಬ್ಬಳೇ ಮಗಳನ್ನು ಕನಕಗಿರಿ ಕಡೆಯ ಹುಲಿಹೈದರಕ್ಕೆ ಕೊಟ್ಟಿದ್ದಳು. ಅಳಿಯನಿಗೆ ಸ್ವಂತ ಹೊಲವಿಲ್ಲ, ಮಂದಿಯ ಹೊಲದಲ್ಲಿ ದುಡಿತ. ಬರುವ ಉಗಾದಿಗೆ ಮಗಳನ್ನೂ ಅಳಿಯನನ್ನೂ ಊರಿಗೆ ಕರೆತಂದು ಹೊಲ ಅವರ ಕೈಗೆ ಕೊಡಬೇಕೆಂಬುದು ಯಮನವ್ವನ ಆಸೆ. ಅದನ್ನು ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದಳು. ಸಹಿ ಕಲಿತ ದಿನ ತನ್ನ ಮನೆಯ ಗೋಡೆಗೆ ಇದ್ದಿಲಿನಿಂದ ಹೆಸರು ಬರೆದು, ಓಣಿಯವರನ್ನೆಲ್ಲ ಕರೆದು ತೋರಿಸಿದ್ದಳು. ‘ಯ’ ಬರೆದರೆ ಒಬ್ಬಟ್ಟು ತಟ್ಟಿದ ಹಾಗೆ ದುಂಡಗೆ ಇರುತ್ತಿತ್ತು.

ನಮಗೆ ಕೊಪ್ಪಳದಲ್ಲಿ ತರಬೇತಿ ಕೊಟ್ಟವರು ವಿರೂಪಾಕ್ಷ ಸರ್. ಅಷ್ಟು ಛಲೋ ಮಾತಾಡುವ ಮನುಷ್ಯನನ್ನು ನಾನು ಅಲ್ಲಿಯ ತನಕ ಕಂಡಿರಲಿಲ್ಲ. ಓದದ ಕಾಗದಕ್ಕೆ ಸಹಿ ಹಾಕುವುದೂ ಒಂದೇ, ನೋಡದ ಬಾವಿಗೆ ಹಾರುವುದೂ ಒಂದೇ ಎಂದು ಅವರು ಹೇಳಿದ್ದನ್ನು ನಾನು ಗುಡಿಯ ಗೋಡೆಗೆ ಸುಣ್ಣ ಹಚ್ಚಿ ಮೇಲೆ ಬರೆಸಿದ್ದೆ. ಅವರು ನನ್ನನ್ನು ಹೆಸರು ಹಿಡಿದು ಮಾತಾಡಿಸಿದರೆ ಎರಡು ದಿನ ಅದೇ ಗುಂಗಿನಲ್ಲಿ ಇರುತ್ತಿದ್ದೆ. ಇದನ್ನೆಲ್ಲ ಯಾಕೆ ಹೇಳುತ್ತೇನೆಂದರೆ, ಪರಕೀಯರು ಮೋಸ ಮಾಡಿದರೆ ಅದಕ್ಕೆ ಮೋಸ ಎನ್ನಬಹುದು ಅಷ್ಟೆ. ಗುರು ಮಾಡಿದರೆ ಅದಕ್ಕೆ ಏನೆನ್ನಬೇಕೋ ನನಗೆ ಇವತ್ತಿಗೂ ಗೊತ್ತಾಗಿಲ್ಲ.

ಆ ವರ್ಷ ಮಿರಗದ ಮಳೆ, ಅಂದರೆ ಮುಂಗಾರಿನ ಮೃಗಶಿರಾ ಮಳೆ, ಕೈಕೊಟ್ಟಿತ್ತು. ಹೆಸರುಕಾಳು ಬಿತ್ತುವ ಹದ ತಪ್ಪಿ ಜನ ಮೋಡ ನೋಡುತ್ತ ಕೂತಿದ್ದ ಹೊತ್ತಿಗೇ ಕಂಪನಿಯ ಜೀಪು ಬಂತು. ನಾಲ್ಕು ಮಂದಿ ಹೊಲಗಳಲ್ಲಿ ಓಡಾಡಿ ಅಳತೆ ಹಿಡಿದು ಕೆಂಪು ಬಣ್ಣದ ಗೂಟ ಹೊಡೆದರು. ಗಾಳಿಯಿಂದ ಕರೆಂಟು ತೆಗೆಯುವ ಫ್ಯಾನ್ ಹಾಕುತ್ತಾರೆಂದು ಸುದ್ದಿಯಾಯಿತು. ಫ್ಯಾನ್ ಎಂಬ ಮಾತನ್ನು ಮೊದಲು ಯಾರು ಆಡಿದರೋ. ನೋಡಲು ಫ್ಯಾನಿನ ಹಾಗೇ ಇರುವುದಕ್ಕೆ ಜನ ಬೇರೆ ಏನು ಹೆಸರಿಡಬೇಕು? ಆ ಒಂದು ಹೆಸರೇ ಊರಿಗೆಲ್ಲ ಬೆಂಕಿ ಹಚ್ಚಿತು.

ತಾವರಗೇರಾ ಸಂತೆಗೆ ಹೋದವರು ಬೇರೊಂದು ಸುದ್ದಿ ತಂದರು. ಆಚೆ ಸೀಮೆಯಲ್ಲಿ ಎಲ್ಲೋ ಈ ಫ್ಯಾನ್ ನಿಲ್ಲಿಸಿದ್ದಾರಂತೆ, ತುಂಬಿ ಬಂದ ಮೋಡ ಫ್ಯಾನಿನ ಗಾಳಿಗೆ ಹಿಂದಕ್ಕೆ ಹೋಯಿತಂತೆ, ಮೂರು ಊರಿಗೆ ಹನಿ ಬೀಳಲಿಲ್ಲವಂತೆ. ಗಾಳಿಮಾತು ಎನ್ನುತ್ತೇವಲ್ಲ, ಅದಕ್ಕೆ ಇದಕ್ಕಿಂತ ಒಪ್ಪುವ ಹೆಸರು ಇನ್ನೊಂದಿಲ್ಲ. ಮಳೆ ಬಾರದಿದ್ದ ವರ್ಷ ಅದು ಎಷ್ಟು ಬೇಗ ಬೇರು ಬಿಟ್ಟಿತೆಂದರೆ, ಮರುವಾರ ಗೂಟಗಳನ್ನೆಲ್ಲ ಕಿತ್ತು ಜೀಪಿನ ಮುಂದೆ ಹಾಕಿದರು.

ಕಟ್ಟೆಯ ಮೇಲೂ ಅದೇ ಮಾತು. ನಾನು ಮೂಢನಂಬಿಕೆ ಎಂದು ಜರಿಯಲು ಹೋದರೆ ಯಮನವ್ವ ಪಾಟಿ ಕೆಳಗಿಟ್ಟು ನನಗೇ ಪಾಠ ಹೇಳಿದಳು.

“ರಾಶಿ ತೂರುವಾಗ ಗಾಳಿ ಬರಲಿಲ್ಲಂದ್ರ ಈಗ ಮಂದಿ ಫ್ಯಾನ್ ಹಚ್ಚಿ ತೂರತಾರೋ ಇಲ್ಲೋ? ಅಷ್ಟು ಸಣ್ಣ ಫ್ಯಾನ್ ಹೊಟ್ಟು ಹಾರಸ್ತೈತಿ ಅಂದಮ್ಯಾಲೆ, ಗುಡಿ ಶಿಖರಕ್ಕಿಂತ ಎತ್ತರದ್ದು ಮೋಡ ಹಾರಸೂದಿಲ್ಲೇನ್ರಿ ಟೀಚರ?”

ಇದನ್ನು ಮೂಢನಂಬಿಕೆ ಎನ್ನುವವರು ಒಮ್ಮೆ ಕಣದಲ್ಲಿ ನಿಂತು ನೋಡಬೇಕು. ಅವಳ ಲೆಕ್ಕ ಸರಿಯಾಗಿಯೇ ಇತ್ತು, ತಪ್ಪಿದ್ದು ಹೆಸರು ಮಾತ್ರ.

ಆ ವಾರವೇ ವಿರೂಪಾಕ್ಷ ಸರ್ ನಮ್ಮ ಮನೆಗೆ ಬಂದರು. ಕಂಪನಿಯ ಜೀಪಿನಿಂದಲೇ ಇಳಿದರು. ಸಾಕ್ಷರತೆಯ ಕೆಲಸ ಬಿಟ್ಟು ಕಂಪನಿಯಲ್ಲಿ ಜನಸಂಪರ್ಕ ನೋಡಿಕೊಳ್ಳುತ್ತಿದ್ದೇನೆ ಎಂದರು. ಅದರಲ್ಲಿ ನನಗೆ ತಪ್ಪು ಕಾಣಲಿಲ್ಲ. ಅಂಥವರು ಹೋದಲ್ಲಿ ಒಳ್ಳೆಯದೇ ಆಗುತ್ತದೆ ಎಂದುಕೊಂಡೆ. ಚಹಾ ಕುಡಿಯುತ್ತ ಅವರು ಮಳೆಯ ವಿಷಯ ಬಿಡಿಸಿ ಹೇಳಿದರು. ಮೋಡ ಎಷ್ಟು ಎತ್ತರದಲ್ಲಿರುತ್ತದೆ, ಕಂಬ ಎಷ್ಟು ಗಿಡ್ಡ, ಗಾಳಿ ರೆಕ್ಕೆಯನ್ನು ತಳ್ಳುತ್ತದೆಯೇ ಹೊರತು ರೆಕ್ಕೆ ಗಾಳಿಯನ್ನು ತಳ್ಳುವುದಿಲ್ಲ ಎಂದು ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು. ಅಷ್ಟೂ ನಿಜ. ಅದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ. ಊರ ಮಾತಿನಲ್ಲಿ ಒಂದು ಕರಪತ್ರ ಬರೆದುಕೊಡು, ನಾವು ಬರೆದರೆ ಇಂಗ್ಲಿಷಿನ ವಾಸನೆ ಬರುತ್ತದೆ, ನೀನು ಹೇಳಿದರೆ ಹೆಣ್ಣುಮಕ್ಕಳು ನಂಬುತ್ತಾರೆ ಎಂದರು. ಹಿಗ್ಗಿದೆ. ಗುರು ಬಂದು ಕೈಚಾಚಿದರೆ ಯಾರು ಹಿಗ್ಗುವುದಿಲ್ಲ?

ಮರುದಿನ ಹಳೇ ನೋಟುಬುಕ್ಕಿನ ಹಾಳೆ ಕತ್ತರಿಸಿ, ಜಾಲಿಮುಳ್ಳು ಚುಚ್ಚಿ, ಜೋಳದ ದಂಟಿಗೆ ಸಿಕ್ಕಿಸಿ ಒಂದು ಗಿರಿಗಿಟ್ಲೆ ಮಾಡಿಕೊಂಡು ಕಟ್ಟೆಗೆ ಹೋದೆ. ಯಮನವ್ವನ ಕೈಗೆ ಕೊಟ್ಟು ಗಾಳಿಗೆ ಹಿಡಿ ಎಂದೆ. ಗರಗರ ತಿರುಗಿತು. ಅದರ ಹಿಂದೆ ಕೈ ಇಟ್ಟು ನೋಡು, ಇದು ಗಾಳಿ ಬಿಡುತ್ತದೆಯೇ ಎಂದೆ. ಕೈ ಇಟ್ಟಳು, ಸೆರಗಿನ ತುದಿ ಹಿಡಿದಳು, ಕೊನೆಗೆ ಒಂದು ಚಿಟಿಕೆ ಹೊಟ್ಟನ್ನೂ ಹಿಡಿದು ನೋಡಿದಳು. ಆಮೇಲೆ ಎಲ್ಲರ ಕಡೆ ತಿರುಗಿ, ಇದನ್ನು ಗಾಳಿ ತಿರುಗಿಸುತ್ತದೆ, ಇದು ಗಾಳಿ ಬಿಡುವುದಿಲ್ಲ, ಹಾಗಾದರೆ ಇದು ಫ್ಯಾನೇ ಅಲ್ಲ ಎಂದು ತೀರ್ಪು ಕೊಟ್ಟಳು. ನನ್ನ ಜೀವಮಾನದಲ್ಲಿ ನಾನು ಕಲಿಸಿದ ಪಾಠಗಳಲ್ಲಿ ಅದರಷ್ಟು ಚೆನ್ನಾದದ್ದು ಇನ್ನೊಂದಿಲ್ಲ.

ಕರಪತ್ರಕ್ಕೆ ತಲೆಬರಹ ಅಲ್ಲೇ ಸಿಕ್ಕಿತು, ‘ಇದು ಫ್ಯಾನಲ್ಲ, ಗಿರಿಗಿಟ್ಲೆ’. ಮೋಡದ ವಿಷಯ ಬರೆದೆ, ಮಳೆಯ ವಿಷಯ ಬರೆದೆ. ಹೊಲದ ವಿಷಯಕ್ಕೆ ಬಂದಾಗ ಪೆನ್ನು ನಿಂತಿತು. ಕಂಬಕ್ಕೆ, ದಾರಿಗೆ, ಸಾಮಾನು ಇಳಿಸುವುದಕ್ಕೆ ಕೆಲವರ ಹೊಲ ಬೇಕಿತ್ತು. ಸರ್ ಮತ್ತೆ ಮನೆಗೆ ಬಂದಾಗ, ಯಾವ ಲೆಕ್ಕದ ಮೇಲೆ ತೆಗೆದುಕೊಳ್ಳುತ್ತೀರೆಂದು ಕೇಳಿದೆ. ಖರೀದಿ ಅಲ್ಲ, ಲೀಸು ಎಂದರು. ಲೀಸು ಎಂದರೆ ನಮ್ಮವರಿಗೆ ತಿಳಿಯುವುದಿಲ್ಲ.

“ಲಾವಣಿ ಅಂತ ಬರೀಲೇನ್ರಿ ಸರ್?”

ಅವರು ಚಹಾದ ಕಪ್ಪು ಕೆಳಗಿಟ್ಟು, ಮೀಸೆ ಒರೆಸಿಕೊಂಡು, ನನ್ನನ್ನೊಮ್ಮೆ ನೋಡಿದರು.

“ಬರಿ. ಮಂದಿಗೆ ತಿಳಿಯೋ ಮಾತು ಅದ ಐತಿ.”

ನಮ್ಮ ಸೀಮೆಯಲ್ಲಿ ಲಾವಣಿ ಎಂದರೆ ಹಾಡು ಮಾತ್ರವಲ್ಲ. ಹೊಲವನ್ನು ಇನ್ನೊಬ್ಬರಿಗೆ ಮಾಡಲು ಕೊಡುವುದಕ್ಕೂ ಲಾವಣಿ ಎಂದೇ ಹೆಸರು, ಅದರ ಅವಧಿ ಉಗಾದಿಯ ತನಕ. ಉಗಾದಿ ಬಂತೆಂದರೆ ಹೊಲ ಒಡೆಯನದು. ಮುಂದುವರಿಸಬೇಕೆಂದರೆ ಮತ್ತೆ ಕೂತು ಮಾತಾಡಬೇಕು. ಬೇಡವೆಂದರೆ ಹಬ್ಬದ ದಿನ ಕುಂಟೆ ಹೂಡಿಕೊಂಡು ಹೋಗಿ ಒಂದು ಸುತ್ತು ಹೊಡೆದರೆ ಮುಗಿಯಿತು, ಯಾರೂ ಎದುರು ಮಾತಾಡುವುದಿಲ್ಲ. ಇದಕ್ಕೆ ಕಾಗದ ಇರುವುದಿಲ್ಲ, ಬೇಕಾಗಿಯೂ ಇಲ್ಲ. ವಿರೂಪಾಕ್ಷ ಸರ್ ಇದೇ ಸೀಮೆಯವರು, ಅವರ ಮನೆಯ ಹೊಲವೂ ಲಾವಣಿಯಲ್ಲಿತ್ತು. ಆ ಕ್ಷಣ ಅವರು ನನ್ನನ್ನು ಯಾಕೆ ಹಾಗೆ ನೋಡಿದರೆಂದು ನಾನು ಯೋಚಿಸಲಿಲ್ಲ. ಕರಾರು ಪತ್ರ ತೋರಿಸಿರೆಂದೂ ಕೇಳಲಿಲ್ಲ. ಗೋಡೆಯ ಮೇಲೆ ಬರೆಸಿದವಳು ನಾನೇ, ನೋಡದ ಬಾವಿಗೆ ಊರ ಮಂದಿಯನ್ನು ಕರೆದುಕೊಂಡು ಹಾರಿದವಳೂ ನಾನೇ.

ಕರಪತ್ರ ಕಟ್ಟು ಕಟ್ಟಾಗಿ ಬಂತು. ಕೊನೆಯಲ್ಲಿ ‘ಬರೆದವರು: ಶಾಂತಾ, ಪ್ರೇರಕಿ’ ಎಂದು ಅಚ್ಚಾಗಿತ್ತು. ನನ್ನ ಹೆಸರು ಅಚ್ಚಿನಲ್ಲಿ ಕಂಡದ್ದು ಅದೇ ಮೊದಲು. ಮೂಗಿಗೆ ಹಿಡಿದು ಮಸಿಯ ವಾಸನೆ ನೋಡಿದೆ, ಅವತ್ತು ಅದು ಕೇದಗೆಗಿಂತ ಚೆಂದ ಅನ್ನಿಸಿತ್ತು. ಮನೆಮನೆಗೆ ಹೋಗಿ ನಾನೇ ಹಂಚಿದೆ, ಓದಲು ಬಾರದವರಿಗೆ ಓದಿ ಹೇಳಿದೆ. ಗೂಟ ಕಿತ್ತವರೇ ಮತ್ತೆ ಗೂಟ ಹೊಡೆಯಲು ಜಾಗ ತೋರಿಸಿದರು.

ಶ್ರಾವಣದ ಒಂದು ಸೋಮವಾರ ಸಾಲೆಯ ಅಂಗಳದಲ್ಲಿ ಕರಾರಿಗೆ ಸಹಿ ಆಯಿತು. ಹೊಲ ಕೊಡುವವರು ಒಂಬತ್ತು ಮಂದಿ, ಅವರಲ್ಲಿ ಹೆಣ್ಣುಮಕ್ಕಳ ಪೈಕಿ ಯಮನವ್ವ ಒಬ್ಬಳೇ. ಅವಳ ಎರಡೂವರೆ ಎಕರೆ ಗಾಡಿದಾರಿಗೆ ಹತ್ತಿದ್ದರಿಂದ ರೆಕ್ಕೆ ಇಳಿಸಲು ಪೂರ್ತಿ ಬೇಕೆಂದಿದ್ದರು. ಏಳೆಂಟು ತಿಂಗಳ ಮಾತು, ಒಂದು ಹಿಂಗಾರಿ ಹೋದರೆ ಹೋಗಲಿ, ತನ್ನ ಮೈಗೂ ವಿಶ್ರಾಂತಿ, ಉಗಾದಿಗೆ ಮಗಳು ಬರುತ್ತಾಳೆ ಎಂಬುದು ಅವಳ ಲೆಕ್ಕ. ಗಂಡಸರಲ್ಲಿ ಇಬ್ಬರು ಹೆಬ್ಬೆಟ್ಟು ಒತ್ತಿದರು. ಯಮನವ್ವ ಅವರ ಕಡೆ ನೋಡಿ ಮುಸಿಮುಸಿ ನಕ್ಕು, ಕುರ್ಚಿ ಎಳೆದು ಕೂತು, ಇಪ್ಪತ್ತು ಹಾಳೆಗೂ ದುಂಡಗೆ ಸಹಿ ಹಾಕಿದಳು. ಅವಳ ಪಕ್ಕದಲ್ಲಿ ನಿಂತು ನಾನು ಹಾಳೆ ತಿರುವಿ ಕೊಟ್ಟೆ. ಹಾಳೆಗಳು ಇಂಗ್ಲಿಷಿನಲ್ಲಿದ್ದವು.

ಮಳೆಯೂ ನಮ್ಮ ಮಾನ ಉಳಿಸಿತು. ಉತ್ತರಿ ಮಳೆ ಹುಯ್ದದ್ದು ಹುಯ್ದದ್ದೇ, ಹಳ್ಳ ತುಂಬಿ ಬಸ್ಸು ಮೂರು ದಿನ ಬರಲಿಲ್ಲ. ಮೋಡ ಹಾರಿಹೋಗುತ್ತದೆ ಎಂದವರನ್ನು ಜನ ಚಹಾದ ಅಂಗಡಿಯಲ್ಲಿ ಕೂರಿಸಿ ಕಾಡಿದರು. ದೀಪಾವಳಿಯ ಹೊತ್ತಿಗೆ ಉದ್ದನೆಯ ಲಾರಿಗಳ ಮೇಲೆ ರೆಕ್ಕೆಗಳು ಬಂದವು. ಒಂದೊಂದು ತಿರುವಿನಲ್ಲೂ ಲಾರಿ ತಾಸುಗಟ್ಟಲೆ ನಿಲ್ಲುತ್ತಿತ್ತು, ಊರೆಲ್ಲ ಹೋಗಿ ನೋಡುತ್ತಿತ್ತು. ಅದಕ್ಕೂ ಮೊದಲೇ ಯಮನವ್ವನ ಹೊಲಕ್ಕೆ ಟಿಪ್ಪರುಗಳು ಗಟ್ಟಿ ಕಲ್ಲುಮಣ್ಣಿನ ಗರಸು ತಂದು ಸುರಿದಿದ್ದವು. ಎರಿ ಮಣ್ಣಿನಲ್ಲಿ ಲಾರಿ ಹೂಳದಿರಲೆಂದು ಮೊಣಕಾಲುದ್ದ ಗರಸು ಹಾಕಿ ರೋಲರ್ ಓಡಿಸಿದರು. ಇದನ್ನು ತೆಗೆಯುವುದು ಹೇಗೆ ಎಂದು ಅವಳು ಕೇಳಿದಾಗ, ಹಾಕಿದವರೇ ತೆಗೆಯುತ್ತಾರೆ ಎಂದು ನಾನೇ ಹೇಳಿದೆ. ಹಾಗೆಂದು ನನಗೆ ಯಾರು ಹೇಳಿದ್ದರು? ಯಾರೂ ಹೇಳಿರಲಿಲ್ಲ. ನಂಬಿದ ಮೇಲೆ ಮನುಷ್ಯ ತಾನೇ ಮುಂದಿನ ಮಾತು ಕಟ್ಟಿಕೊಳ್ಳುತ್ತಾನೆ.

ಉಗಾದಿಯ ದಿನ ಬೆಳಿಗ್ಗೆ ಹುಲಿಹೈದರದಿಂದ ಮಗಳು, ಅಳಿಯ ಬಂದಿಳಿದರು. ಬಾಡಿಗೆಯ ಟ್ರಾಕ್ಸ್ ಗಾಡಿಯ ಮೇಲೆ ಅವರ ಸಂಸಾರವೆಲ್ಲ ಇತ್ತು, ಕೊಡ, ಟ್ರಂಕು, ಕಟ್ಟಿಗೆಯ ಮಂಚ. ಯಮನವ್ವ ಎತ್ತು ಕೇಳಿ ತಂದು, ಕೊಂಬಿಗೆ ಅರಿಷಿಣ ಹಚ್ಚಿ, ಕುಂಟೆಗೆ ಪೂಜೆ ಮಾಡಿ, ಅಳಿಯನ ಕೈಗೆ ಹಗ್ಗ ಕೊಟ್ಟು ಹೊಲಕ್ಕೆ ಹೋದಳು. ಗರಸಿನ ಮೇಲೆ ಕುಂಟೆ ಹರಿಯುವುದಿಲ್ಲ ಎಂದು ಅವಳಿಗೂ ಗೊತ್ತಿತ್ತು. ಆದರೂ ಪದ್ಧತಿಯ ಒಂದು ಸುತ್ತು ಹೊಡೆಯಬೇಕಲ್ಲ. ಅಲ್ಲಿ ತಂತಿಬೇಲಿ ಬಂದಿತ್ತು, ಗೇಟು ಬಂದಿತ್ತು, ಬೇರೆ ಊರಿನ ಕಾವಲುಗಾರ ಇದ್ದ. ಲಾವಣಿ ಮುಗೀತು, ಬಾಗಿಲು ತೆಗಿ ಎಂದರೆ ಅವನಿಗೆ ಅರ್ಥವಾಗಲಿಲ್ಲ. ಯಾರಿಗೋ ಫೋನ್ ಮಾಡಿ ಕೇಳಿ, ಇದು ಕಂಪನಿಯ ಜಾಗ, ಇನ್ನೂ ಇಪ್ಪತ್ತೆಂಟು ವರ್ಷದ ಮೇಲೆ ಬಾಕಿ ಇದೆ, ನಡೆಯಿರಿ ಎಂದ.

ನಾನು ಬೇವು ಬೆಲ್ಲ ಹಂಚುತ್ತಿದ್ದೆ. ಯಮನವ್ವ ಎತ್ತು, ಕುಂಟೆ, ಮಗಳು, ಅಳಿಯ ಎಲ್ಲರ ಸಮೇತ ನನ್ನ ಮನೆಯ ಮುಂದೆ ಬಂದು ನಿಂತಳು. ಬೈಯಲಿಲ್ಲ. ನಡೆದದ್ದನ್ನು ಸಾವಕಾಶ ಹೇಳಿ, ಅವನಿಗೆ ತಿಳಿದಿಲ್ಲ, ನೀವು ಬಂದು ಓದಿ ಹೇಳಿರೆಂದು ಕೇಳಿದಳು. ಅವಳಿಗೆ ಇನ್ನೂ ನನ್ನ ಮೇಲೆ ನಂಬಿಕೆ ಇತ್ತು. ಅದನ್ನು ನೆನೆದರೆ ಬೈದಿದ್ದರೇ ಚೆನ್ನಾಗಿತ್ತು ಅನ್ನಿಸುತ್ತದೆ.

ಅವಳ ಪಾಲಿನ ಕರಾರಿನ ಪ್ರತಿ ಟ್ರಂಕಿನಲ್ಲಿ ಸೀರೆಯ ಮಡಿಕೆಯಲ್ಲಿತ್ತು. ಅದನ್ನು ಹಿಡಿದು ಇಬ್ಬರೂ ಮರುದಿನ ಯಲಬುರ್ಗಾಕ್ಕೆ ಹೋದೆವು. ತಹಶೀಲ ಕಚೇರಿಯ ಎದುರು ಬೇವಿನ ಮರದ ಕೆಳಗೆ ಕೂರುವ ಬಾಂಡ್ ರೈಟರ್ ಒಬ್ಬರಿಗೆ ಇಂಗ್ಲಿಷ್ ಬರುತ್ತಿತ್ತು. ಕನ್ನಡಕ ಏರಿಸಿ, ಬೆರಳು ನೆಕ್ಕಿ ನೆಕ್ಕಿ ಹಾಳೆ ತಿರುವಿ, ಇಪ್ಪತ್ತೊಂಬತ್ತು ವರ್ಷ ಎಂದರು. ಅದು ಮುಗಿದ ಮೇಲೂ ಮುಂದುವರಿಸುವ ಹಕ್ಕು ಕಂಪನಿಗಿದೆ, ನಡುವೆ ಬಿಡಿಸಿಕೊಳ್ಳುವ ಹಕ್ಕು ನಿಮಗಿಲ್ಲ ಎಂದರು. ನಮಗೆ ಹೇಳಿದ್ದು ಲಾವಣಿ ಅಂತ, ಇದನ್ನು ಯಾರೂ ಓದಿ ಹೇಳಲೇ ಇಲ್ಲ ಎಂದು ನಾನು ಜಗಳ ತೆಗೆದೆ. ಅವರು ನನ್ನನ್ನು ಬಿಟ್ಟು ಯಮನವ್ವನಿಗೆ ಹೇಳಿದರು.

“ಸಹಿ ಐತಲ್ಲವಾ ನಿಂದು. ಸಹಿ ಹಾಕಿದಾಕಿ ಓದೇ ಹಾಕಿರತಾಳ ಅಂತ ತಿಳಕೋತಾರ. ಹೆಬ್ಬೆಟ್ಟು ಒತ್ತಿದ್ರ, ಓದಿ ಹೇಳೀನಿ ಅಂತ ಒಬ್ಬಾವ ಕೆಳಗ ಬರದು ಕೊಡಬೇಕಿತ್ತು. ಅಂಥವರದು ಕೇಸು ನಿಂತರೂ ನಿಂತೀತು. ನಿಂದು ನಿಲ್ಲೂದಿಲ್ಲ.”

ಯಮನವ್ವ ಆ ಮಾತನ್ನು ಇನ್ನೊಮ್ಮೆ ಹೇಳಿಸಿ ಕೇಳಿದಳು. ಮೂರನೇ ದಿನ ಅದೇ ಟ್ರಾಕ್ಸಿನಲ್ಲಿ ಅದೇ ಮಂಚ ಹೇರಿಕೊಂಡು ಮಗಳು, ಅಳಿಯ ಹುಲಿಹೈದರಕ್ಕೆ ಹಿಂತಿರುಗಿದರು. ಯಮನವ್ವ ಮಂದಿಯ ಹೊಲದಲ್ಲಿ ಕಳೆ ತೆಗೆಯಲು ಹೋಗತೊಡಗಿದಳು.

ನಾನು ಕೊಪ್ಪಳಕ್ಕೆ ಹೋದೆ. ವಿರೂಪಾಕ್ಷ ಸರ್ ಮನೆಯಲ್ಲೇ ಇದ್ದರು. ಬಾ ಶಾಂತಾ ಎಂದು ಎಂದಿನಂತೆ ಕರೆದು ಕೂರಿಸಿದರು. ಇಪ್ಪತ್ತೊಂಬತ್ತು ವರ್ಷವೆಂದು ನಿಮಗೆ ಮೊದಲೇ ಗೊತ್ತಿತ್ತೇ ಎಂದು ಕೇಳಿದೆ. ಗೊತ್ತಿತ್ತು ಎಂದರು. ದಾರಿಯುದ್ದಕ್ಕೂ ನಾನು ಬೇಡಿಕೊಂಡಿದ್ದು, ಅವರಿಗೂ ಗೊತ್ತಿರದಿರಲಿ, ಅವರಿಗೂ ಯಾರೋ ಮೋಸ ಮಾಡಿರಲಿ ಎಂದು. ಅಷ್ಟು ಸುಲಭವಾಗಿ ಗೊತ್ತಿತ್ತು ಎಂದುಬಿಟ್ಟರು.

“ಮತ್ತ ಲಾವಣಿ ಅಂತ ಯಾಕ ಬರಸಿದ್ರಿ?”

“ನಾ ಬರಸಲಿಲ್ಲ. ನೀ ಕೇಳಿದಿ, ನಾ ಹೂಂ ಅಂದೆ. ಇಪ್ಪತ್ತೊಂಬತ್ತು ವರ್ಷ ಅಂತ ಹಾಕಿದ್ರ ಒಬ್ಬರರ ಸಹಿ ಮಾಡತಿದ್ರೇನು? ಮಂದಿಗೆ ಎಷ್ಟು ತಿಳಿಸಬೇಕೋ ಅಷ್ಟ ತಿಳಿಸಬೇಕು ಶಾಂತಾ. ಎಲ್ಲಾ ತಿಳಿಸಕೋತ ಕುಂತ್ರ ಯಾವ ಛಲೋ ಕೆಲಸನೂ ಆಗೂದಿಲ್ಲ.”

ನಾನು ಕಂಪನಿಯ ಮೇಲೆ ದೂರು ಕೊಡುತ್ತೇನೆ, ಕರಪತ್ರವನ್ನೇ ಸಾಕ್ಷಿಯಾಗಿ ಇಡುತ್ತೇನೆ ಎಂದೆ. ಅವರು ಒಳಗೆ ಹೋಗಿ ಕರಪತ್ರದ ಒಂದು ಪ್ರತಿ ತಂದು ನನ್ನ ಮುಂದೆ ಹಿಡಿದರು. ಇದರಲ್ಲಿ ಕಂಪನಿಯ ಹೆಸರು ಎಲ್ಲಿದೆ ತೋರಿಸು ಎಂದರು. ಹುಡುಕಿದೆ. ತಿರುವಿ ಹಾಕಿ ಹುಡುಕಿದೆ. ಇರಲಿಲ್ಲ. ಇಡೀ ಕಾಗದದಲ್ಲಿ ಇದ್ದದ್ದು ಒಂದೇ ಹೆಸರು, ಶಾಂತಾ, ಪ್ರೇರಕಿ. ನನಗೆ ಗೌರವ ಕೊಟ್ಟಿದ್ದಾರೆ ಎಂದು ನಾನು ತಿಳಿದದ್ದು ಹೀಗಿತ್ತು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು, ಮೇಯ್ದ ಮೇಲೆ ಬೇಲಿಗೆ ನನ್ನ ಹೆಸರು ಬರೆದಿತ್ತು. ಅವರು ಚಹಾ ತರಿಸಿದರು. ಕುಡಿಯದೆ ಎದ್ದು ಬಂದೆ. ಮುಖಕ್ಕೆ ಉಗಿಯಬೇಕಿತ್ತು, ಆದರೆ ಬರುವಾಗ ಅಭ್ಯಾಸಬಲದಿಂದ ‘ಬರತೀನ್ರಿ ಸರ್’ ಎಂದು ಹೇಳಿ ಬಂದಿದ್ದೆ. ಅದಕ್ಕಾಗಿ ನನ್ನನ್ನು ನಾನು ಇನ್ನೂ ಕ್ಷಮಿಸಿಲ್ಲ.

ಆ ವರ್ಷದ ಮುಂಗಾರಿಗೆ ಮಿರಗ ಮತ್ತೆ ತಡವಾಯಿತು. ಸತ್ತುಹೋಗಿದ್ದ ಗಾಳಿಮಾತು ಎದ್ದು ಕೂತಿತು. ಫ್ಯಾನ್ ಮೋಡ ಓಡಿಸುತ್ತಿದೆ ಎಂದು ಈಗ ಎಲ್ಲರೂ ಆಡತೊಡಗಿದರು. ಹೋದ ವರ್ಷ ಹಳ್ಳ ತುಂಬಿದ್ದು ಯಾರಿಗೂ ನೆನಪಿರಲಿಲ್ಲ. ಇಲ್ಲ, ಹಾಗಲ್ಲ, ಗಿರಿಗಿಟ್ಲೆ ನೆನಪಿಲ್ಲವೇ ಎಂದು ನಾನು ಚಹಾದ ಅಂಗಡಿಯ ಮುಂದೆ ನಿಂತು ಹೇಳಿದೆ. ಒಬ್ಬ ಹಿರಿಯರು ಮೆತ್ತಗೆ, ಲಾವಣಿ ಅಂತ ಹೇಳಿದಾಕಿನೂ ನೀನೇ ಅಲ್ಲವೇನವ್ವಾ ಎಂದರು. ಅವರು ಕೇಳಿದ್ದರಲ್ಲಿ ತಪ್ಪಿಲ್ಲ. ಒಂದೇ ಕಾಗದದ ಮೇಲೆ ಒಂದು ನಿಜ, ಒಂದು ಸುಳ್ಳು ಇದ್ದರೆ ಜನ ಕಾಗದವನ್ನೇ ಹರಿದು ಹಾಕುತ್ತಾರೆ. ಸುಳ್ಳನ್ನು ಹೇಳಿ ನಾನು ನಿಜವನ್ನೂ ಕೊಂದಿದ್ದೆ. ಕಟ್ಟೆಗೆ ಬರುವವರು ಒಬ್ಬೊಬ್ಬರಾಗಿ ನಿಂತರು. ಕೊನೆಗೆ ನಾನೊಬ್ಬಳೇ ಹೋಗಿ, ಲಾಂದ್ರ ಹಚ್ಚಿ, ಸ್ವಲ್ಪ ಹೊತ್ತು ಕೂತು ಬರುತ್ತಿದ್ದೆ.

ಶ್ರಾವಣದಲ್ಲಿ ಪಂಚಾಯ್ತಿಗೆ ಸೌರದೀಪಗಳು ಬಂದವು. ಮನೆಗೊಂದು, ಬಿಸಿಲಿಗಿಟ್ಟರೆ ರಾತ್ರಿ ಉರಿಯುವಂಥದ್ದು. ಯಾವ ಮೋಸವೂ ಇಲ್ಲದ, ನಿಜವಾಗಿ ಒಳ್ಳೆಯ ವಸ್ತು. ಕೊಪ್ಪಳದಿಂದ ಬಂದ ಸಾಹೇಬರು, ಮೊದಲು ನವಸಾಕ್ಷರ ಹೆಣ್ಣುಮಕ್ಕಳಿಗೆ ಕೊಡೋಣ ಎಂದು ನನ್ನ ಕೇಂದ್ರದ ರಜಿಸ್ಟರ್ ತರಿಸಿದರು. ಅದರಲ್ಲಿ ಹದಿನಾಲ್ಕು ಹೆಸರಿನ ಮುಂದೆಯೂ ‘ಸಾಕ್ಷರ’ ಎಂದು ಕೆಂಪು ಮಸಿಯಲ್ಲಿ ನಾನೇ ಬರೆದಿದ್ದೆ. ಹೆಸರು ಕರೆಯುವ ಕೆಲಸವೂ ನನಗೇ ಬಂತು. ಯಮನವ್ವ ಎಂದು ಕರೆದೆ. ಅವಳು ಬಂದು ಮೇಜಿನ ಮುಂದೆ ನಿಂತಳು. ಸಾಹೇಬರು ಪೆನ್ನು ಕೊಟ್ಟು, ಅರ್ಜಿಯಲ್ಲಿ ಸಹಿಯ ಜಾಗ ತೋರಿಸಿದರು. ಅವಳು ಪೆನ್ನನ್ನು ಮೇಜಿನ ಮೇಲಿಟ್ಟಳು.

“ಹೆಬ್ಬೆಟ್ಟು ಒತ್ತತೀನ್ರಿ. ಮೊದಲ ಏನೈತಿ ಓದಿ ಹೇಳ್ರಿ.”

ಇಲ್ಲಿ ಸಾಕ್ಷರ ಎಂದಿದೆಯಲ್ಲ ಎಂದು ಸಾಹೇಬರು ರಜಿಸ್ಟರಿನ ಮೇಲೆ ಬೆರಳಿಟ್ಟರು.

“ಅದು ಟೀಚರು ಬರದದ್ರಿ.”

ಅವಳ ಹಿಂದೆ ನಿಂತಿದ್ದ ಹದಿಮೂರು ಮಂದಿಯೂ ಹೌದೆಂದು ತಲೆ ಆಡಿಸಿದರು. ಸಾಹೇಬರು ನನ್ನ ಕಡೆ ತಿರುಗಿ, ಇವರಿಗೆ ಓದಲು ಬರುತ್ತದೆಯೋ ಇಲ್ಲವೋ ಎಂದು ಕೇಳಿದರು. ಇದ್ದಿಲಿನಲ್ಲಿ ಬರೆದ ಆ ದುಂಡನೆಯ ‘ಯ’ ಅವಳ ಮನೆಯ ಗೋಡೆಯ ಮೇಲೆ ಇನ್ನೂ ಇತ್ತು. ನಾನು ಯಮನವ್ವನ ಮುಖ ನೋಡಿದೆ. ಅವಳು ನನ್ನನ್ನು ನೋಡುತ್ತಿರಲಿಲ್ಲ, ಕಾಗದವನ್ನು ನೋಡುತ್ತಿದ್ದಳು.

“ಬರೂದಿಲ್ರಿ,” ಎಂದೆ. “ಇವರಲ್ಲಿ ಯಾರಿಗೂ ಬರೂದಿಲ್ಲ. ಎಲ್ಲಾರಿಗೂ ಓದಿ ಹೇಳ್ರಿ.”

ಸಾಹೇಬರು ಬೇಸರದಿಂದ ತಲೆ ಅಲ್ಲಾಡಿಸಿ, ಹಾಗಾದರೆ ರಜಿಸ್ಟರ್ ಸರಿಪಡಿಸು ಎಂದು ನನ್ನ ಕಡೆ ತಳ್ಳಿದರು. ಅವರು ಅರ್ಜಿಯನ್ನು ಮೊದಲ ಸಾಲಿನಿಂದ ಗಟ್ಟಿಯಾಗಿ ಓದತೊಡಗಿದರು, ಹದಿನಾಲ್ಕೂ ಮಂದಿ ಕಿವಿಗೊಟ್ಟು ಕೇಳುತ್ತ ನಿಂತರು. ನಾನು ಮೇಜಿನ ತುದಿಯಲ್ಲಿ ಕೂತು, ಹದಿನಾಲ್ಕು ಹೆಸರಿನ ಮುಂದಿನ ‘ಸಾಕ್ಷರ’ವನ್ನು ಒಂದೊಂದಾಗಿ ಹೊಡೆದುಹಾಕಿ, ಪ್ರತಿಯೊಂದರ ಪಕ್ಕದಲ್ಲೂ ನನ್ನ ಸಹಿ ಮಾಡಿದೆ.